ಮೂರನೇ ಗಂಟೆಯ ನೀರು

ಕಡಲಂಚಿನ ತ್ರಾಸಿಯ ಹೊಯ್ಗೆಯಲ್ಲಿ, ಅಂದರೆ ಮರಳು ನೆಲದಲ್ಲಿ, ಗದ್ದೆ ಕೊಯ್ಲು ಮುಗಿದ ಮೇಲೆ, ನಾವು ಐದು ಮನೆಯವರು ಕಲ್ಲಂಗಡಿ ಹಾಕುತ್ತಿದ್ದೆವು. ಐವರಿಗೂ ಒಂದೇ ಬಾವಿ, ಒಂದೇ ಪಂಪು. ಕರೆಂಟು ಬಿಟ್ಟಿ; ನಿಲ್ಲಿಸುವ ನೆನಪು ಯಾರಿಗೂ ಇರುತ್ತಿರಲಿಲ್ಲ. ಆದರೆ ಸಿಹಿನೀರು ಇಳಿದಷ್ಟೂ ಕಡಲು ಅಡಿಯಿಂದ ಒಳಗೆ ಬರುತ್ತದೆ. ಮೊದಲು ಕೆಡುವುದು ನಮ್ಮ ಪಶ್ಚಿಮಕ್ಕಿದ್ದ ಬಾವಿ. ಅದು ಮೀನು ಮಾರುವ ಹೆಂಗಸೊಬ್ಬರದು. ಆ ಬೇಸಿಗೆ ಅವರ ಮಗಳು ಹೆತ್ತು, ಕೂಸಿನೊಂದಿಗೆ ತಾಯಿಮನೆಯಲ್ಲೇ ಇದ್ದಳು.

ಆ ಬಾವಿ ಉಳಿಯಲಿ ಎಂದು ನಾವೇ ಕೂತು ನೀರಿಗೆ ದರ ಕಟ್ಟಿದೆವು. ದಿನದ ಮೊದಲ ಗಂಟೆಯ ನೀರು ಅಗ್ಗ, ಎರಡನೆಯದು ದುಬಾರಿ, ಮೂರನೆಯದು ಹೊಟ್ಟೆ ಉರಿಯುವಷ್ಟು. ಬಂದ ಹಣ ಪಂಪಿನ ರಿಪೇರಿಗೆ. ನಾವು ನಾಲ್ವರು ಒಂದೇ ಗಂಟೆಗೆ ನಿಲ್ಲಿಸತೊಡಗಿದೆವು. ಪಂಪಿನ ಸದ್ದು ಅಡಗಿದಾಗ ಅಲೆಯ ಸದ್ದು ಕೇಳಿಸುತ್ತಿತ್ತು. ಕೇಳಿದಾಗೆಲ್ಲ ನನ್ನ ಎದೆ ಹಿಗ್ಗುತ್ತಿತ್ತು.

ಐದನೆಯವರಿಗೆ ಮುಂಬೈಯಲ್ಲಿ ಹೋಟೆಲಿತ್ತು. ಮೂರನೇ ಗಂಟೆ ದಾಟಿದರೂ ನೀರು ಬಿಡುತ್ತಲೇ ಇದ್ದರು.

"ಹ್ವಾಯ್, ರೇಟ್ ಮಾಡ್ದರ್ ನೀವೇ ಅಲ್ದಾ? ನಾನ್ ಕೊಡ್ತಿಲ್ಯಾ?" ಎಂದರು ನಗುತ್ತ.

ಒಂದು ಬೆಳಿಗ್ಗೆ ಆ ಹೆಂಗಸು ಮೀನಿನ ಬುಟ್ಟಿ ಇಳಿಸಿ ನಮ್ಮೈವರನ್ನೂ ತಮ್ಮ ಅಂಗಳಕ್ಕೆ ಕರೆದರು. "ಚಾ ಕುಡ್ಕಂಡ್ ಹೋಯ್ನಿ." ಹೋಟೆಲಿನವರು ಮೊದಲ ಗುಟುಕಿಗೇ ಮುಖ ಕಿವುಚಿದರು.

"ಎಂತದ್ ಇದ್? ಸಕ್ರಿ ಬದ್ಲ್ ಉಪ್ಪ್ ಹಾಕಿದ್ರ್ಯಾ?"

"ಸಕ್ರಿ ನಮ್ದ್," ಎಂದರು ಆಕೆ. "ಉಪ್ಪ್ ನಿಮ್ದ್."

ಒಳಗೆ ಕೂಸು ಅತ್ತಿತು. ಹೋಟೆಲಿನವರು ಲೋಟವನ್ನು ಜಗಲಿಯ ಮೇಲೆ ಇಟ್ಟರು. ಎದ್ದು ಹೋಗಿ ತಾವೇ ಪಂಪು ನಿಲ್ಲಿಸಿ ಬಂದರು. ಅಲ್ಲೇ ನಿಂತು ಮಾತಾಯಿತು: ಮೊದಲೆರಡು ಗಂಟೆಗೆ ಹಳೆಯ ದರವೇ. ಮೂರನೆಯದು ಇನ್ನು ಹಣಕ್ಕಿಲ್ಲ. ಆ ಬೆಳಿಗ್ಗೆ ಈ ಅಂಗಳದ ಚಾ ಸಿಹಿಯಿದ್ದರೆ ಮಾತ್ರ. ಸದ್ಯಕ್ಕೆ, ಈ ಬಾವಿಯ ಉಪ್ಪು ಇಳಿಯುವ ತನಕ, ಒಂದು ಗಂಟೆಯೂ ಇಲ್ಲ.

ಬಳ್ಳಿಗಳು ಬಾಡಿದವು. ಬಾಣಂತಿಗೆ ದಿಬ್ಬದ ಮೇಲಿದ್ದ ಮನೆಯ ಬಾವಿಯಿಂದ ಕೊಡದಲ್ಲಿ ನೀರು ಹೋಯಿತು. ನಾವು ದಿನಾ ಬೆಳಿಗ್ಗೆ, ಫಲಿತಾಂಶಕ್ಕೆ ಕಾದ ಶಾಲೆ ಮಕ್ಕಳಂತೆ, ಆ ಅಂಗಳದಲ್ಲಿ ಸೇರುತ್ತಿದ್ದೆವು. ಆಕೆ ಚಾ ಕಾಸಿ, ಒಂದು ಗುಟುಕು ಕುಡಿದು, ಉಳಿದದ್ದನ್ನು ತೆಂಗಿನ ಬುಡಕ್ಕೆ ಚೆಲ್ಲುತ್ತಿದ್ದರು.

"ಇವತ್ತ್ ಹ್ಯಾಂಗಿತ್?" ಹೋಟೆಲಿನವರೇ ಮೊದಲು ಕೇಳುತ್ತಿದ್ದರು.

ಕೊನೆಗೊಂದು ಬೆಳಿಗ್ಗೆ ಆಕೆ ಗುಟುಕು ಕುಡಿದರು. ಇನ್ನೊಂದು ಕುಡಿದರು. ನಮ್ಮ ಕಡೆ ನೋಡಲಿಲ್ಲ, ತೆಂಗಿನ ಕಡೆಗೂ ಹೋಗಲಿಲ್ಲ. ಲೋಟ ಹಿಡಿದುಕೊಂಡು ಮಗಳ ಕೋಣೆಗೆ ನಡೆದರು.