ಖಾದರ ಕಾಕಾನ ಕಿಲೋಮೀಟರು

ಹುಬ್ಬಳ್ಳಿಯ ಹಳೇ ಸ್ಪೋರ್ಟ್ಸ್ ಕಾರುಗಳಿಗೆಲ್ಲ ಸ್ಪೀಡೋಮೀಟರಿನ ಮುಳ್ಳು ಕೂರಿಸಿದ ಖಾದರ ಕಾಕಾ ತಾವು ಮಾತ್ರ ಜೀವಮಾನವಿಡೀ ಸೈಕಲ್ ಬಿಟ್ಟು ಬೇರೇನನ್ನೂ ಓಡಿಸಲಿಲ್ಲ. ಅವರಿಗೆ ವೇಗವೆಂದರೆ ಅಂಜಿಕೆ. ನಾನು ಓಡಿಸುವ ಕಾರಿನಲ್ಲಿ ಪಕ್ಕಕ್ಕೆ ಕೂತರೆ ಎಡಗೈಯಿಂದ ಬಾಗಿಲಿನ ಹಿಡಿಕೆ ಬಿಗಿಯಾಗಿ ಹಿಡಿದು, ಬಲಗೈಯಲ್ಲಿ ಕೈಗಡಿಯಾರ ಇಟ್ಟುಕೊಂಡು, ತುಟಿಯಲ್ಲೇ ದುವಾ ಹೇಳಿಕೊಳ್ಳುತ್ತಿದ್ದರು. ಮುಳ್ಳು ಅರವತ್ತು ಮುಟ್ಟಿದರೆ ಹಣೆಯ ಮೇಲೆ ಬೆವರು.

“ಬಸೂ, ಅರವತ್ತರ ಮಟಾ ನನ್ನ ಜವಾಬ್ದಾರಿ. ಅದರ ಮ್ಯಾಲ ಹೋದ್ರ ಅಲ್ಲಾಹನ ಜವಾಬ್ದಾರಿ. ಅವಗ ಬ್ಯಾರೆ ಕೆಲ್ಸಾ ಭಾಳ ಅದಾವು, ಮೆಲ್ಲಗ ಹೊಡಿಯೋ,” ಎನ್ನುತ್ತಿದ್ದರು.

ಬೆಂಗೇರಿಯಲ್ಲಿ ನನ್ನದೊಂದು ಗ್ಯಾರೇಜಿದೆ. ನಾನು ಏಳನೆಯ ಇಯತ್ತೆಗೆ ಸಾಲಿ ಬಿಟ್ಟವನು. ಕಲಿತವರು ಕಾಗದ ತೋರಿಸುತ್ತಾರೆ, ನಾನು ಕೈ ತೋರಿಸುತ್ತೇನೆ. ಗ್ಯಾರೇಜಿಗೆ ಹೊಂದಿಕೊಂಡೇ ಕಾಕಾನ ಅಂಗಡಿ ಇತ್ತು. ಒಂದು ಮಂಚ ಹಿಡಿಯುವಷ್ಟು ಜಾಗ, ಒಂದು ಮೇಜು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ. ಮೀಟರಿನ ಒಳಗೆ ಕೂದಲಿನಂಥ ಸುರುಳಿ ಸ್ಪ್ರಿಂಗ್ ಇರುತ್ತದೆ. ಅದನ್ನು ಬಿಚ್ಚಿ ಇಟ್ಟ ಹೊತ್ತಿನಲ್ಲಿ ಕಾಕಾ ಸೀನಬೇಕಾದರೂ ಎದ್ದು ರಸ್ತೆಗೆ ಬಂದು ಸೀನಿ ಹೋಗುತ್ತಿದ್ದರು. ನಾನು ಕೊಟ್ಟುಕಳಿಸಿದ ಚಹಾ ಎಷ್ಟು ಸಲ ಆರಿ ತಣ್ಣಗಾಗಿದೆಯೋ!

ಹಳೇ ಸ್ಪೋರ್ಟ್ಸ್ ಕಾರಿನ ಮೀಟರು ಖರೇ ಹೇಳುವುದು ಅಪರೂಪ. ಮೊದಲಿದ್ದ ಅಳತೆಯ ಟಾಯರು ಈಗ ಸಿಗುವುದಿಲ್ಲ, ಸಿಕ್ಕಿದ್ದನ್ನು ಹಾಕುತ್ತೇವೆ. ಗಾಲಿ ದೊಡ್ಡದಾದರೆ ಮುಳ್ಳು ಕಡಿಮೆ ಹೇಳುತ್ತದೆ. ಸ್ಪ್ರಿಂಗ್ ಸಡಿಲಾದರೆ ಹೆಚ್ಚು ಹೇಳುತ್ತದೆ. ಎಷ್ಟೋ ಮಾಲಕರಿಗೆ ಹೆಚ್ಚು ಹೇಳುವ ಮುಳ್ಳೇ ಪ್ರೀತಿ. ತೊಂಬತ್ತಕ್ಕೆ ಹೋಗಿ ನೂರಾಇಪ್ಪತ್ತಕ್ಕೆ ಹೋದೆ ಎಂದು ಹೇಳಿಕೊಳ್ಳಬಹುದಲ್ಲ. ಕಾಕಾ ನಗುತ್ತಿದ್ದರು: “ಮನಷ್ಯಾರಂಗ ನೋಡು ಇದು. ವಯಸ್ಸಾದಂಗ ಆದಂಗ ದೊಡ್ಡ ದೊಡ್ಡ ಮಾತು ಹೇಳ್ತೈತಿ.”

ಮೀಟರು ಸರಿಮಾಡಿದ ಮೇಲೆ ಪರೀಕ್ಷೆ ನಡೆಯುತ್ತಿದ್ದುದು ಹೆಬ್ಬಳ್ಳಿ ರಸ್ತೆಯ ಕಿಲೋಮೀಟರ್ ಕಲ್ಲುಗಳಲ್ಲಿ ಅಕ್ಕಪಕ್ಕದ ಎರಡರ ನಡುವೆ. ಸ್ಟಿಯರಿಂಗ್ ನನ್ನದು, ಗಡಿಯಾರ ಅವರದು. ಮುಳ್ಳನ್ನು ಅರವತ್ತರ ಮೇಲೆ ಅಲುಗದಂತೆ ಹಿಡಿದರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಸರಿಯಾಗಿ ಅರವತ್ತು ಸೆಕೆಂಡು ಹಿಡಿಯಬೇಕು. ಐವತ್ತೆಂಟಾದರೂ ಇಲ್ಲ, ಅರವತ್ತೆರಡಾದರೂ ಇಲ್ಲ, ವಾಪಸ್ ಅಂಗಡಿಗೆ. ಒಂದೊಂದು ಕಾರಿಗೆ ಏಳೆಂಟು ಸಲ ಆ ರಸ್ತೆಗೆ ಹೋಗಿದ್ದಿದೆ. ಗೋವಾ, ಬೆಳಗಾವಿ ಕಡೆಯಿಂದಲೂ ಮಂದಿ ಕಾಕಾನನ್ನು ಹುಡುಕಿಕೊಂಡು ಬರುತ್ತಿದ್ದುದು ಸುಮ್ಮನೆ ಅಲ್ಲ.

ನಡುವೆ ಆ ರಸ್ತೆಯನ್ನು ಅಗಲ ಮಾಡಿದರು. ಕಲ್ಲು ಕಿತ್ತು ಬದಿಗೆ ಹಾಕಿದರು, ಕೆಲಸ ಮುಗಿದ ಮೇಲೆ ಬಣ್ಣ ಬಳಿದು ಮತ್ತೆ ನಿಲ್ಲಿಸಿದರು. ಈಗ ದೂರದಿಂದಲೇ ಕಾಣುತ್ತವೆ ಎಂದು ನಾವಿಬ್ಬರೂ ಖುಷಿಪಟ್ಟೆವು. ಅದಕ್ಕಿಂತ ಹೆಚ್ಚು ನಮ್ಮ ತಲೆಗೆ ಹೊಳೆಯಲಿಲ್ಲ.

ಒಂದು ದಿನ ದೇಶಪಾಂಡೆ ನಗರದ ಡಾಕ್ಟರೊಬ್ಬರು ತಮ್ಮ ಎರಡು ಸೀಟಿನ ಹಸಿರು ಕಾರು ತಂದರು. ತಿಂಗಳ ಹಿಂದಷ್ಟೇ ನಾವು ಮಾಡಿಕೊಟ್ಟಿದ್ದ ಮೀಟರು.

“ಖಾದರಸಾಬ್ರ, ತಪ್ಪು ತಿಳೀಬ್ಯಾಡ್ರಿ. ಮುಳ್ಳು ಎಂಬತ್ತು ತೋರಸ್ತೈತಿ, ಫೋನಿನ್ಯಾಗ ಎಂಬತ್ತೆಂಟು ಬರಾಕತ್ತೈತಿ,” ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. “ಡಾಕ್ಟರ್ರ, ನಿಮ್ಮ ಗುಳಿಗಿ ಸರಿ ಐತೋ ಇಲ್ಲೋ ಅಂತ ನಾ ಫೋನಿನ್ಯಾಗ ನೋಡ್ತೇನೇನ್ರಿ? ಕಾಕಾನ ಕೈ ಮುಟ್ಟಿದ್ದು ತಪ್ಪಂಗಿಲ್ಲ. ಫೋನ್ ಬದಲಿ ಮಾಡ್ರಿ,” ಎಂದೆ.

ಡಾಕ್ಟರು ಮುಖ ಸಣ್ಣದು ಮಾಡಿಕೊಂಡು ಹೋದರು. ಮರುದಿನ ಬೆಳಿಗ್ಗೆ ನಾನು ಶಟರ್ ಎತ್ತುವುದರೊಳಗೆ ಕಾಕಾ ಗಾರೆ ಕೆಲಸದ ಗೌಂಡಿಯ ಹತ್ತಿರ ಇಸಿದುಕೊಂಡ ಮೂವತ್ತು ಮೀಟರಿನ ಟೇಪು ಹಿಡಿದು ನಿಂತಿದ್ದರು.

“ನಡಿ ಬಸೂ, ಕಲ್ಲು ಅಳಿಯೂಣು.”

“ಬ್ಯಾಡ ಕಾಕಾ. ಒಂದ್ ವ್ಯಾಳ್ಯಾ ತಪ್ಪು ಬಂತಂದ್ರ ಮಂದ್ಯಾಗ ಮುಖಾ ಹೆಂಗ ತೋರ್ಸೂದು?”

“ಇದ ಮುಖಾ ತೋರ್ಸೂದು. ಇನ್ನೊಂದು ಎಲ್ಲಿಂದ ತರ್ತೀ?”

ಬಿಸಿಲೇರುವ ಹೊತ್ತಿಗೆ ನಾವು ಹೆಬ್ಬಳ್ಳಿ ರಸ್ತೆಯ ಬದಿಯಲ್ಲಿ ಬಗ್ಗಿ ಬಗ್ಗಿ ಟೇಪು ಎಳೆಯುತ್ತಿದ್ದೆವು. ಪ್ರತಿ ಮೂವತ್ತಕ್ಕೆ ಕಾಕಾ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು ಎಣಿಸುತ್ತಿದ್ದರು. ಟೇಪು ಕಂಡು ಹೊಲದಿಂದ ಒಬ್ಬ ಓಡಿ ಬಂದ. “ಏನ್ರೀ ಯಜಮಾನ್ರ, ರಸ್ತೆ ಮತ್ತ ಅಗಲ ಮಾಡ್ತಾರೇನ್ರಿ? ನಂದು ಇನ್ನೆಷ್ಟು ಹೋಗ್ತೈತ್ರಿ?”

ಮೂವತ್ತಮೂರು ಸಲ ಎಳೆದು, ಮೇಲೆ ಹತ್ತು ಮೀಟರು ಸೇರಿಸಿದ್ದೆವು. ಅಲ್ಲಿ ಕಲ್ಲು ಇರಬೇಕಿತ್ತು, ಇರಲಿಲ್ಲ. ಇನ್ನೂ ಹೆಚ್ಚುಕಡಿಮೆ ನೂರು ಮೀಟರು ಮುಂದೆ, ಹೊಸ ಬಣ್ಣ ಹಚ್ಚಿಕೊಂಡು ನಿಂತಿತ್ತು. ಕಾಕಾ ಅದನ್ನೇ ನೋಡುತ್ತ ಅಂದರು: “ನಿಂದೇನೂ ಹೋಗೂದಿಲ್ಲೋ ತಮ್ಮಾ. ಹೋಗಿದ್ದು ನಮ್ಮ ಕಿಲೋಮೀಟರು.”

ರಸ್ತೆ ಬದಿಯ ಬೇವಿನ ಗಿಡದ ಕೆಳಗೆ ಕೂತೆವು. ಮತ್ತೆ ನಿಲ್ಲಿಸುವಾಗ ಕಲ್ಲಿನ ಜಾಗ ತಪ್ಪಿ ನಮ್ಮ ಕಿಲೋಮೀಟರೇ ಉದ್ದವಾಗಿತ್ತು. ಹಾಗಾಗಿ ನಾವು ಅರವತ್ತೆಂದು ಕೂರಿಸಿದ ಮುಳ್ಳಿನ ಕೆಳಗೆ ಕಾರು ಅರವತ್ತಾರರಲ್ಲಿ ಓಡುತ್ತಿತ್ತು. ನೂರೆಂದಾಗ ನೂರಾಹತ್ತು. ಹೆಚ್ಚು ಹೇಳುವ ಮುಳ್ಳಿನಿಂದ ಹೆಚ್ಚೆಂದರೆ ಜಂಬ ಬರುತ್ತದೆ. ಕಡಿಮೆ ಹೇಳುವ ಮುಳ್ಳು ನಂಬಿದವನನ್ನು ತಿರುವಿನಲ್ಲಿ ಹಳ್ಳಕ್ಕೆ ಕೆಡವುತ್ತದೆ.

“ಅಂದ್ರ ಇಷ್ಟು ದಿನಾ ನಾ ಅರವತ್ತಾರಕ್ಕ ಕುಂತಿದ್ನೇನೋ?” ಎಂದು ಕಾಕಾ ನಗಲು ಹೋದರು. ನಗೆ ಬರಲಿಲ್ಲ. “ಬಸೂ, ಕಲ್ಲು ಹುಗದ ಮ್ಯಾಲ ಎಷ್ಟು ಗಾಡಿ ಮಾಡೇವಿ?”

ಹನ್ನೊಂದು. ಒಂದೊಂದನ್ನೂ ಅವರೇ ಬೆರಳು ಮಡಚಿ ಹೇಳಿದರು.

ಮೊದಲು ಡಾಕ್ಟರ ಮನೆ. ನಾನು ಗೇಟಿನ ಹೊರಗೇ ನಿಂತೆ. ಒಳಗೆ ಹೋದ ಕಾಕಾ, “ಸಾಹೇಬ್ರ, ನಿಮ್ಮ ಫೋನ್ ಖರೇ, ನಮ್ಮ ಕಲ್ಲು ಖೊಟ್ಟಿ,” ಅಂದದ್ದು ಹೊರಗೆ ಕೇಳಿಸಿತು. ಆ ಮಾತನ್ನು ನಾನು ಹೇಳಬೇಕಾಗಿತ್ತು.

ಆಮೇಲೆ ಸುಮಾರು ಎರಡು ತಿಂಗಳು, ದಿನದ ಕೆಲಸ ಮುಗಿಸಿ ಕಾಕಾನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮಾಲಕರ ಮನೆ ಮನೆ ತಿರುಗಿದೆ. ಸಾಕಾಗಿ ಹೋಗುತ್ತಿತ್ತು. ಹತ್ತಿ ಅರಳೆಯ ವ್ಯಾಪಾರಿಯೊಬ್ಬರು ಕೀಲಿ ಕೊಡಲಿಕ್ಕೇ ಒಪ್ಪಲಿಲ್ಲ. “ಕಡಿಮಿ ತೋರಸ್ತೈತೆಲ್ಲಾ, ಛಲೋ ಆತ ಬಿಡ್ರಿ. ಬಾಜೂಕ ಕುಂತು ಮನಿಯಾಕಿ ಬಯ್ಯೂದು ತಪ್ಪೇತಿ,” ಎಂದು ನಕ್ಕರು. ಕಾಕಾ ಅವರ ಕಟ್ಟೆಯ ಮೇಲೆ ಕೂತುಬಿಟ್ಟರು. ಚಹಾ ಬಂತು, ಕುಡಿದರು. ಮಗ್ರಿಬ್ ನಮಾಜಿನ ಹೊತ್ತಾಯಿತು, ಅಲ್ಲೇ ಟವೆಲ್ ಹಾಸಿ ನಮಾಜು ಮಾಡಿದರು. ಕೊನೆಗೆ ಒಳಗಿನಿಂದ ಮನೆಯಾಕೆಯೇ ಕೀಲಿ ತಂದು ಕೈಗಿಟ್ಟರು: “ಅಜ್ಜಾರ, ಸರಿ ಮಾಡ್ರಿ. ಇವರಿಗೆ ಬಯ್ಯಾಕ ನನಗ ಮುಳ್ಳು ಬೇಕಾಗಿಲ್ಲ.”

ಹತ್ತು ಕಾರು ಸರಿಯಾದವು. ಈ ಸಲ ಕಲ್ಲು ನಂಬದೆ, ನಾವೇ ಟೇಪಿನಿಂದ ಅಳೆದು ಗೆರೆ ಹಾಕಿದ ಕಿಲೋಮೀಟರಿನಲ್ಲಿ. ಹನ್ನೊಂದನೆಯದು ಒಂದು ಬಿಳಿ ಕಾರು. ಅದರ ಮಾಲಕ ಅದನ್ನು ಮಾರಿಬಿಟ್ಟಿದ್ದ. ಕೊಂಡವನು ಇನ್ನೊಬ್ಬನಿಗೆ ಮಾರಿದ್ದ. ಗೋವಾ ಕಡೆ ಹೋಯಿತು ಎಂಬುದಷ್ಟೇ ಗೊತ್ತಾಯಿತು. ಸಿಕ್ಕಸಿಕ್ಕವರಿಗೆ ಫೋನು ಮಾಡಿದೆ. ಎರಡು ಸಲ ಘಟ್ಟ ಇಳಿದು ಹೋಗಿ ಬಂದೆ. ಎರಡೂ ಸಲ ಬೇರೆ ಕಾರು.

ಅಷ್ಟರಲ್ಲಿ ಕಾಕಾಗೆ ದಮ್ಮು ಹೆಚ್ಚಾಗಿ ಅಂಗಡಿ ಮುಚ್ಚಿತು. ಕೊನೆಯ ಸಲ ಮನೆಗೆ ಹೋದಾಗ ಅವರ ಸೊಸೆ ಬಾಗಿಲಲ್ಲೇ ತಡೆದು ಮೆಲ್ಲಗೆ ಹೇಳಿದಳು: “ಅಣ್ಣಾ, ಆ ಗಾಡಿ ಸಿಕ್ತು ಅಂದುಬಿಡ್ರಿ. ನಿದ್ದಿ ಮಾಡವಲ್ರು.”

ಹೂಂ ಅಂದು ಒಳಗೆ ಹೋದೆ. ದಿಂಬಿಗೆ ಒರಗಿ ಕೂತಿದ್ದ ಕಾಕಾ ನನ್ನನ್ನು ಕಂಡ ಕೂಡಲೇ ಕೇಳಿದ್ದು ಅದನ್ನೇ.

“ಬಿಳೀದು?”

ಸಿಕ್ಕಿತು ಎನ್ನಬಹುದಿತ್ತು. ಆದರೆ ಟಾಯರು ಯಾವುದು ಹಾಕಿದ್ದಾರೆ, ಮುಳ್ಳು ಅಲುಗಾಡುತ್ತದೆಯೇ ಎಂದು ಕೇಳದೆ ಬಿಡುವ ಮನುಷ್ಯನಲ್ಲ. ಅದೂ ಅಲ್ಲದೆ ಅವರ ಎದುರು ನನಗೆ ಸುಳ್ಳು ಬರುತ್ತಿರಲಿಲ್ಲ.

“ಸಿಕ್ಕಿಲ್ಲ ಕಾಕಾ.”

ಉಸಿರು ಎಳೆದುಕೊಳ್ಳುತ್ತಲೇ ನನ್ನ ಮಣಿಕಟ್ಟು ಹಿಡಿದರು. “ಅದರಾಗ ನನ್ನ ಕೈ ಐತಿ, ನಿನ್ನ ಕೈನೂ ಐತಿ. ನಾ ಹ್ವಾದ್ರ ಅದು ನಿಂದೊಬ್ಬಂದ ಆಗ್ತೈತಿ ನೋಡು.”

ನಾಲ್ಕನೆಯ ದಿನ ಹೋದರು. ಮಣ್ಣು ಕೊಡಲು ನಾನೂ ಹೋಗಿದ್ದೆ.

ಅವರ ಅಂಗಡಿಯಲ್ಲಿ ಈಗ ಒಬ್ಬ ಮೊಬೈಲ್ ಕವರು ಮಾರುತ್ತಾನೆ. ಹಳೇ ಮೀಟರು ತಂದವರನ್ನು ನಾನು ಕೈಮುಗಿದು ಕಳಿಸುತ್ತೇನೆ. ಆ ಕೆಲಸಕ್ಕೆ ನನ್ನ ಬೆರಳು ದಪ್ಪ. ಮೊನ್ನೆ ಗೋವಾದ ಮಡಗಾಂವದಿಂದ ಗ್ಯಾರೇಜಿನವರೊಬ್ಬರು ಫೋನು ಮಾಡಿದ್ದರು, ಅವರಲ್ಲಿಗೆ ಒಂದು ಬಿಳಿ ಕಾರು ಬಂದಿದೆಯಂತೆ. ಅದೇ ಹೌದೋ ಅಲ್ಲವೋ ಅವರಿಗೂ ಗೊತ್ತಿಲ್ಲ. ಅದೇ ಆಗಿದ್ದರೆ, ಮುಳ್ಳು ಕೂರಿಸಲು ನನಗೆ ಬರದಿದ್ದರೂ, ನೂರೆಂದರೆ ನೂರಾಹತ್ತು ಎಂದು ಓಡಿಸುವವನಿಗೆ ಹೇಳಿಯಾದರೂ ಬರಬಹುದು. ಘಟ್ಟದ ದಾರಿಗೆ ಈಗೀಗ ನನ್ನ ಸೊಂಟ ಒಪ್ಪುವುದಿಲ್ಲ. ಆದರೂ ಭಾನುವಾರ ಬರುತ್ತೇನೆ, ಅಲ್ಲಿಯತನಕ ಗಾಡಿ ಯಾರಿಗೂ ಕೊಡಬೇಡಿ ಎಂದು ಹೇಳಿದ್ದೇನೆ.