ಅಕ್ಕನ ಹಲ್ಲು ಮುರಿದ ಬೆಳಗು

1966ರ ಬೇಸಿಗೆಯಲ್ಲಿ, ವಡೋದರಾದ ಫತೇಗಂಜ್‌ನ ಬಾಡಿಗೆ ಮನೆಯಲ್ಲಿ ನನ್ನ ಅಕ್ಕನ ಮುಂದಿನ ಹಲ್ಲು ಮುರಿಯಿತು. ಮುರಿದವರು ಅವಳ ಗಂಡ ಮತ್ತು ಅತ್ತೆ.

ಅವಳಿಗೆ ಹೊಟ್ಟೆ ಕೆಟ್ಟು ವಾಂತಿಯಾಗುತ್ತಿತ್ತು. ಡಾಕ್ಟರು ಹಿಂದಿನ ದಿನ ಇಂಜೆಕ್ಷನ್ ಕೊಟ್ಟು ಮಾತ್ರೆ ಬರೆದಿದ್ದರು. ಅಲ್ಲಿನ ಕನ್ನಡದ ರೈಲ್ವೆ ಕುಟುಂಬಗಳಲ್ಲಿ ಒಂದು ರೂಢಿ: ವರ್ಗವಾಗಿ ಹೋಗುವವರು ಉಳಿದ ಔಷಧಿಯನ್ನೆಲ್ಲ ಡಬ್ಬಿಯಲ್ಲಿ ಹಾಕಿ ಇನ್ನೊಂದು ಕನ್ನಡದ ಮನೆಗೆ ಕೊಡುತ್ತಿದ್ದರು. ವಾಂತಿ ನಿಲ್ಲದ್ದರಿಂದ ಅತ್ತೆ ಹಾಗೆ ತಮ್ಮ ಮನೆಗೆ ಬಂದಿದ್ದ ಡಬ್ಬಿಯಲ್ಲಿದ್ದ ವಾಂತಿಯ ಮಾತ್ರೆಗಳನ್ನೂ ನುಂಗಿಸಿದರು.

ನಾನು ಅಹಮದಾಬಾದಿನಿಂದ ಬಂದು ಬಾಗಿಲು ತಳ್ಳಿದಾಗ ಒಣಮೆಣಸಿನಕಾಯಿಯ ಹೊಗೆ ತುಂಬಿತ್ತು. ಅಕ್ಕನ ಕತ್ತು ಒಂದು ಕಡೆ ತಿರುಚಿತ್ತು, ಕಣ್ಣುಗುಡ್ಡೆಗಳು ಮೇಲಕ್ಕೆ ಸಿಕ್ಕಿಕೊಂಡಿದ್ದವು, ದವಡೆ ಬಿಗಿದಿತ್ತು. ಅತ್ತೆ ಅವಳ ಜಡೆ ಸುತ್ತಿ ಹಿಡಿದು ಅವಳ ಮುಖಕ್ಕೇ ಕೂಗುತ್ತಿದ್ದರು:

"ಯಾರ್ ನೀ? ಹೆಸರ್ ಹೇಳು. ಹೇಳದಿದ್ರ ಬಿಡಾಂಗಿಲ್ಲ."

ಭಾವ ಕೆನ್ನೆಗೆ ಮತ್ತೆ ಮತ್ತೆ ಹೊಡೆದು, ಸೌಟಿನ ಹಿಡಿಯನ್ನು ಹಲ್ಲುಗಳ ನಡುವೆ ಮೀಟಿದರು. ಕಟಕ್ಕೆಂದು ಸದ್ದಾಯಿತು. ರಕ್ತ ಸೀರೆಗೆ ಇಳಿಯಿತು.

"ಭಾವಾ, ಬಿಡ್ರಿ. ಡಾಕ್ಟರನ್ನ ಕರೀತೀನಿ."

"ಡಾಕ್ಟರ್ ಏನ್ ಮಾಡ್ತಾನ? ಇದು ಗಾಳಿ," ಎಂದರು ಅತ್ತೆ. "ಬಿಡಿಸೋನ್ನ ಕರೆಸೇವಿ. ಕಾಯಿಸಿದ ಸಲಾಕಿ ತರ್ತಾನ."

ನಾನು ಭಾವನನ್ನು ಗೋಡೆಗೆ ತಳ್ಳಿ, ಓಡಿ ಹೋಗಿ ಹಿಂದಿನ ದಿನ ನೋಡಿದ್ದ ಡಾಕ್ಟರನ್ನೇ ಕರೆತಂದೆ. ಅವರು ಬೇರೇನು ಕೊಟ್ಟಿರೆಂದು ಕೇಳಿ, ಡಬ್ಬಿಯನ್ನು ನೆಲಕ್ಕೆ ಸುರುವಿ ನೋಡಿದರು. ಆಮೇಲೆ ಅಕ್ಕನಿಗೆ ಬೇರೆ ಇಂಜೆಕ್ಷನ್ ಕೊಟ್ಟರು. ಸ್ವಲ್ಪ ಹೊತ್ತಿನಲ್ಲಿ ಕತ್ತು ನೇರವಾಯಿತು.

"ನಾನು ಕೊಟ್ಟದ್ದಕ್ಕೂ ಈ ಡಬ್ಬಿಯ ಮಾತ್ರೆಗೂ ಹೆಸರು ಬೇರೆ, ಔಷಧಿ ಒಂದೇ," ಎಂದರು ಹಿಂದಿಯಲ್ಲಿ. "ಕೆಲವರಿಗೆ ಸರಿಯಾದ ಪ್ರಮಾಣದಲ್ಲೂ ಹೀಗಾಗುತ್ತದೆ. ನೀವು ಮೇಲಿಂದ ಮೇಲೆ ಕೊಟ್ಟಿದ್ದೀರಿ. ಇವರಿಗೆ ಇನ್ನು ಇದು ಬೇಡವೇ ಬೇಡ."

ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು, ಯಾವ ಡಾಕ್ಟರಿಗಾದರೂ ಮೊದಲು ಇದನ್ನು ತೋರಿಸಬೇಕೆಂದು ಅಕ್ಕನ ಕೈಗೇ ಕೊಟ್ಟರು.

ಮಾತು ಬಂದ ಮೇಲೆ ಅಕ್ಕ ಅತ್ತೆಗೆ ಹೇಳಿದ್ದು ಇಷ್ಟೇ: "ನಂಗ ಎಲ್ಲಾ ಕೇಳಸ್ತಿತ್ತು."

ಸಂಜೆಯ ಗಾಡಿಗೆ ಅವಳನ್ನು ಅಹಮದಾಬಾದಿನ ನನ್ನ ಮನೆಗೆ ಕರೆದುಕೊಂಡು ಹೊರಟೆ.

1968ರಲ್ಲಿ ನನಗೆ ಸೂರತ್‌ಗೆ ವರ್ಗವಾಯಿತು; ಅಕ್ಕನೂ ಜೊತೆಗೆ ಬಂದಳು. ಅಲ್ಲಿ ಅಕ್ಕನಿಗೆ ಮತ್ತೆ ವಾಂತಿ ಶುರುವಾದಾಗ ಮೊದಲು ಚೀಟಿ ತೋರಿಸಿದಳು. ಡಾಕ್ಟರು ಬೇರೆ ಬಗೆಯ ಮಾತ್ರೆ ಕೊಟ್ಟು, ನಿದ್ದೆ ಬರುತ್ತದೆ, ಒಲೆಯ ಹತ್ತಿರ ಹೋಗಬೇಡಿ ಎಂದರು. ಮಧ್ಯಾಹ್ನವಿಡೀ ಮಲಗಿದಳು. ಸಂಜೆ ಗಂಜಿ ಕುಡಿದಳು.

ಆ ವರ್ಷ ಭಾವ ಎರಡು ಸಲ ಕರೆಯಲು ಬಂದರು. ಅಕ್ಕ ವಡೋದರಾಗೆ ಹೋಗಲಿಲ್ಲ.