ಚಂದ್ರಕಾಳಿ ಸೀರೆ ಬೆಳ್ಳಗಾದ ಫೋಟೊ

ಫೋಟೊ ತೊಳೆಯುವ ಹೈಪೊದ ಹುಳಿವಾಸನೆ ಬಡಿದರೆ ಈಗಲೂ ನನ್ನ ಕೈ ತಾನಾಗಿ ಹಣೆಗೆ ಹೋಗುತ್ತದೆ, ಕುಂಕುಮ ಇದೆಯೋ ಇಲ್ಲವೋ ಎಂದು. ಮಾಮಾ, ಅಂದರೆ ಅವ್ವನ ಅಣ್ಣ, ಶಹಾಪುರದಲ್ಲಿ ಸ್ಟುಡಿಯೊ ಇಟ್ಟಿದ್ದ. ಹೈದರಾಬಾದಿನಿಂದ ಇನ್‌ಫ್ರಾರೆಡ್ ರೀಲು ತರಿಸುತ್ತಿದ್ದ. ಅದನ್ನು ಕ್ಯಾಮೆರಾಕ್ಕೆ ಹಾಕುವಾಗ ಕತ್ತಲ ಕೋಣೆ ಹೊಕ್ಕು ಅಗುಳಿ ಹಾಕಿಕೊಳ್ಳುತ್ತಿದ್ದ. ಒಳಗೆ ಏನೋ ಮುಚ್ಚಿಡುತ್ತಾನೆ ಎಂದು ಬಾಗಿಲಲ್ಲಿ ನಿಂತ ನನಗೆ ಗುಮಾನಿ.

ಒಂದು ನಾಗರ ಪಂಚಮಿಗೆ ಅವ್ವನನ್ನು ತವರಿಗೆ ಕರೆದೊಯ್ಯಲು ಸುರಪುರಕ್ಕೆ ಬಂದವನು, ನಮ್ಮ ಅಂಗಳದ ಬೇವಿನ ಕೆಳಗೆ ಅವಳನ್ನು ನಿಲ್ಲಿಸಿ ಫೋಟೊ ತೆಗೆದ. ಅವ್ವ ಮುತ್ತೈದೆಯರು ಉಡುವ ಕರಿ ಚಂದ್ರಕಾಳಿ ಸೀರೆ ಉಟ್ಟಿದ್ದಳು, ಹಣೆತುಂಬ ಕುಂಕುಮ. ಹದಿನೈದು ದಿನಕ್ಕೆ ಮಾಮಾ ಫೋಟೊ ತಂದುಕೊಟ್ಟ. ಬೇವಿನೆಲೆಯೆಲ್ಲ ಹತ್ತಿಯ ಹಾಗೆ ಬೆಳ್ಳಗೆ, ಸೀರೆಯೂ ಬೆಳ್ಳಗೆ, ಹಣೆ ಬೋಳು.

"ನನ್ನ ಗಂಡ ಗಟ್ಟಿ ಇದ್ದಾನ. ನನ್ನ ಕುಂಕುಮ ಎಲ್ಲಿ ಹೋಯ್ತು ಅಣ್ಣಾ?"

"ಇದು ಕಣ್ಣಿಗಿ ಕಾಣದ ಬೆಳಕು ಹಿಡಿಯೋ ರೀಲವ್ವ. ಕೆಂಪು, ಕರಿ ಎಲ್ಲಾ ಬೆಳ್ಳಗ ಬರ್ತದ."

"ಕಣ್ಣಿಗಿ ಕಾಣದ್ದು ಅಂದ್ರ ನಿನ್ನ ಮನಸಿನಾಗಿಂದೇನು?"

ಅಪ್ಪನಿಗೆ ಅವ್ವನನ್ನು ಕೊಡುವುದು ಮಾಮಾನಿಗೆ ಮೊದಲೇ ಇಷ್ಟವಿರಲಿಲ್ಲ. ಸಂಶಯಕ್ಕೆ ಅಷ್ಟೇ ಸಾಕಾಯಿತು. ಹರಿದರೆ ಅಪ್ಪನಿಗೆ ಕೇಡೆಂದು ಅವ್ವ ಫೋಟೊ ಹರಿಯಲೂ ಇಲ್ಲ, ಒಳಗೊಯ್ದು ಬಚ್ಚಿಟ್ಟಳು. ಅಪ್ಪ ಕೆಮ್ಮಿದರೂ ಅವಳ ಬೈಗುಳ ಶಹಾಪುರದ ಕಡೆಗೆ. ನಾನು ಕದ್ದುಮುಚ್ಚಿ ಮಾಮಾನ ಹತ್ತಿರ ಹೋಗಿ ಅದೇ ವಿದ್ಯೆ ಕಲಿತೆ, ಅದನ್ನೇ ಹಿಡಿದು ಬಾಳಿದೆ. ನನ್ನ ಕ್ಯಾಮೆರಾಕ್ಕೂ ಅವ್ವ ಎಂದೂ ನೆಟ್ಟಗೆ ಮುಖ ಕೊಡಲಿಲ್ಲ.

ಮಾಮಾ ತೀರಿದ ಮೇಲೆ ನಾನು ಹಳೆಯ ಡಿಜಿಟಲ್ ಕ್ಯಾಮೆರಾವೊಂದನ್ನು ಬಿಚ್ಚಿಸಿ, ಕಣ್ಣಿಗೆ ಕಾಣದ ಆ ಬೆಳಕನ್ನು ತಡೆಯುವ ಗಾಜು ತೆಗೆಸಿ, ಅದನ್ನಷ್ಟೇ ಒಳಬಿಡುವ ಗಾಜು ಹಾಕಿಸಿದೆ. ಊರಿಗೆ ಹೋಗಿ, ಬೇಡ ಬೇಡ ಎಂದರೂ ಅವ್ವನ ಫೋಟೊ ತೆಗೆದು ಅಲ್ಲೇ ಪರದೆಯ ಮೇಲೆ ತೋರಿಸಿದೆ. ಅದೇ ಬೋಳು ಹಣೆ. ಅವ್ವ ಹಣೆ ಮುಟ್ಟಿಕೊಂಡಳು, ಕೆಂಪಾದ ಬೆರಳು ನೋಡಿದಳು, ಎದುರಿಗೆ ಚಹಾ ಕುಡಿಯುತ್ತಿದ್ದ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಅಣ್ಣ ಮೂರು ಪಂಚಮಿಗಿ ಕರಿಯಾಕ ಬಂದಿದ್ದ," ಎಂದಳು. "ನಾ ಚಿಲಕ ತೆಗೀಲಿಲ್ಲ."

ನನಗೆ ಅಳು ತಡೆಯಲಾಗಲಿಲ್ಲ. ಇಂಥ ಒಂದು ಚಿಲಕ ನಿಮ್ಮ ಮನೆಯಲ್ಲೂ ಇದ್ದೀತು.

ಅವ್ವ ಮುತ್ತೈದೆಯಾಗಿಯೇ ಹೋದಳು. ಅವಳ ಟ್ರಂಕಿನ ತಳದಲ್ಲಿ ಆ ಹಳೆಯ ಫೋಟೊ ಸಿಕ್ಕಿತು. ಬೋಳು ಹಣೆಯ ಮೇಲೆ ಬೆರಳಿನಿಂದ ಕುಂಕುಮ ಒತ್ತಿದ್ದಳು. ಒತ್ತಿದ್ದು ಯಾವಾಗ, ಅಪ್ಪನ ಆಯುಷ್ಯಕ್ಕೋ ಮಾಮಾನ ಋಣಕ್ಕೋ, ನನಗೆ ಇನ್ನೂ ಅನುಮಾನ.